ಈಸ್ಟ್‌ವಿಲ್‌ನ ಜಮೀನು ಕಡತಗಳು

ಅಮೆರಿಕದ ವರ್ಜೀನಿಯಾದಲ್ಲಿ, ಚೆಸಪೀಕ್ ಕೊಲ್ಲಿಯ ಆಚೆ, ಹೊಲಗಳ ನಡುವೆ ಈಸ್ಟ್‌ವಿಲ್ ಅನ್ನೋ ಪುಟ್ಟ ಊರು. ನಾರ್ಥಾಂಪ್ಟನ್ ಕೌಂಟಿಯ ಕೋರ್ಟ್ ಇರೋದು ಇಲ್ಲೇ. 1632ರಿಂದ ಇಲ್ಲಿನ ದಾಖಲೆಗಳ ಸಾಲು ಎಲ್ಲೂ ಕಡಿದಿಲ್ಲ. ಇಡೀ ಅಮೆರಿಕದಲ್ಲಿ ಇಷ್ಟು ಹಳೆಯದು ಇನ್ನೊಂದಿಲ್ಲ. ಅಂತರ್ಯುದ್ಧದಲ್ಲಿ ವರ್ಜೀನಿಯಾದ ಎಷ್ಟೋ ಕೌಂಟಿಗಳ ಕಡತ ಸುಟ್ಟುಹೋದವು. ಇವು ಉಳಿದವು. ಕಾಪಾಡಿದವರಿಗೆ ಕೈಮುಗಿಯಬೇಕು.

ಈ ಕಡತಗಳಲ್ಲಿ ಜಮೀನಿನ ಮೂಲ ಹುಡುಕಬೇಕಾ? ಈಗಿನ ಮಾಲೀಕರ ಹೆಸರನ್ನ ಕೊಂಡವರ ಸೂಚಿಯಲ್ಲಿ ಹುಡುಕಿ. ಪುಸ್ತಕದ ನಂಬರು, ಪುಟ ಸಿಗುತ್ತೆ. ಆ ಪುಟದ ಕ್ರಯಪತ್ರದಲ್ಲಿ ಮಾರಿದವರು ಯಾರು? ಅವರಿಗೆ ಯಾರಿಂದ ಬಂತು? ಹೀಗೇ ಹಿಂದಕ್ಕೆ ಹೋಗಿ. ಕೊಂಡಿ ತಪ್ಪಿದರೆ ಉಯಿಲಿನ ಪುಸ್ತಕ ತೆಗೆಯಿರಿ, ಪಿತ್ರಾರ್ಜಿತವಾಗಿ ಬಂದಿರಬಹುದು.

ಹೊಸ ಕ್ರಯಪತ್ರವಾ? ನೋಟರಿ ಮುಂದೆ ಸಹಿ ಮಾಡಿ, ಸರ್ಕ್ಯೂಟ್ ಕೋರ್ಟ್ ಕ್ಲರ್ಕ್ ಬಳಿ ತಕ್ಷಣ ದಾಖಲಿಸಿ. ದಾಖಲಾಗದ ಪತ್ರ, ಅದರ ಸುಳಿವಿಲ್ಲದೆ ದುಡ್ಡು ಕೊಟ್ಟು ಕೊಂಡವರ ಎದುರು ನಿಲ್ಲೋದಿಲ್ಲ.