ಬಂಡೆಯ ಬಿರುಕಿನೊಳಗಣ ಕಾನನ

ಹಂಪೆಯ ಹೆಬ್ಬಂಡೆಗಳನ್ನು ದೂರದಿಂದ ಕಂಡವರು ಇಲ್ಲಿ ಶಿಲೆಯಲ್ಲದೆ ಮತ್ತೇನೂ ಇಲ್ಲವೆಂದು ಭಾವಿಸುವುದುಂಟು. ಆದರೆ ಸುಮಾರು 250 ಕೋಟಿ ವರ್ಷಗಳಷ್ಟು ಪುರಾತನವಾದ ಈ ಗ್ರಾನೈಟು ಬಿಸಿಲಿಗೆ ಕಾಯ್ದು, ಮಳೆಗೆ ತೊಯ್ದು, ಪದರಪದರವಾಗಿ ಸಡಿಲಗೊಳ್ಳುವಾಗ, ಅದರೊಳಗಿನ ನಸುಗೆಂಪು ಫೆಲ್ಡ್‌ಸ್ಪಾರ್ ಹರಳುಗಳು ತಮ್ಮ ಪೊಟ್ಯಾಸಿಯಮನ್ನು ಬಿಟ್ಟುಕೊಟ್ಟು ಜೇಡಿಯಾಗಿ ಮಾರ್ಪಟ್ಟು, ಇಳಿಜಾರಿನ ಬುಡದಲ್ಲಿ ತರಗೆಲೆಯ ಗೊಬ್ಬರದೊಡನೆ ಬೆರೆತು, ಸಸ್ಯಕುಲಕ್ಕೆ ಅನ್ನವಾಗುತ್ತವೆ.

ಈ ಬಂಡೆಗಳ ಒಂದು ಬಿರುಕನ್ನು ಸಮೀಪದಿಂದ ನೋಡಿರಿ. ಬೇಸಗೆಯೆಲ್ಲ ಕಂದಿ ಮುದುಡಿಕೊಂಡಿದ್ದ ಮಯೂರಶಿಖೆಯೆಂಬ ಪುಟ್ಟ ಜರೀಗಿಡವು, ಮಳೆಯ ಹನಿ ಸೋಕಿದ ಮೇಲೆ ಹಸುರು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಎಷ್ಟು ಸಲ ಕಂಡರೂ ನನಗೆ ಇದು ವಿಜಯನಗರದ ಯಾವ ಶಿಲ್ಪಕ್ಕೂ ಕಡಿಮೆಯೆನಿಸಿಲ್ಲ.

ಹಂಪೆಗೆ ಸಮೀಪದಲ್ಲೇ, 1994ರಲ್ಲಿ ಕರಡಿಧಾಮವಾದ ದರೋಜಿಯ ಕುರುಚಲು ಕಾಡಿನಲ್ಲಿ, ಬೋರೆ, ಕವಳೆ, ಜಾನೆ ಹಣ್ಣುಗಳನ್ನು ಮೆದ್ದ ಕರಡಿಯೇ ಅವುಗಳ ಬೀಜಗಳನ್ನು ಬಂಡೆಯಿಂದ ಬಂಡೆಗೆ ಬಿತ್ತುವ ಒಕ್ಕಲಿಗ.

ಸಂಡೂರಿನ ಕುಮಾರಸ್ವಾಮಿ ಬೆಟ್ಟವನ್ನೇರಿದರೆ ಶಿಲೆಯೇ ಬೇರೆ, ಕಬ್ಬಿಣದ ಕೆಮ್ಮಣ್ಣು. ಆರ್ದ್ರತೆಯೂ ಹೆಚ್ಚು, ಮರಗಳೂ ಎತ್ತರ.

ಹೊಸಪೇಟೆಯ ಬಯಲಿಗೆ ಮರಳಿದರೋ, ನೀರನ್ನುಳಿಸಿಕೊಳ್ಳಲೆಂದು ಎಲೆಗಳನ್ನೆಲ್ಲ ಕಳಚಿಟ್ಟ ಮುತ್ತುಗವು, ಫಾಲ್ಗುಣದ ಉರಿಬಿಸಿಲಲ್ಲಿ, ಬೋಳು ಕೊಂಬೆಗಳ ತುಂಬ ಕೆಂಡದಂತೆ ಹೂತು ನಿಂತಿರುತ್ತದೆ.