ಆಂಟಿವೈರಸ್ ‘ನುಡಿ’ಯನ್ನೇ ಹಿಡಿದಾಗ

ಮಡಿಕೇರಿಯ ಡಿಟಿಪಿ ಅಂಗಡಿಯಿರಲಿ, ಸೋಮವಾರಪೇಟೆ ಕಡೆಯ ಪಂಚಾಯಿತಿ ಕಚೇರಿಯಿರಲಿ, ಕನ್ನಡ ಟೈಪಿಂಗಿಗೆ ಇಂದಿಗೂ ಹಲವರು ನೆಚ್ಚಿರುವುದು ‘ನುಡಿ’ ಅಥವಾ ‘ಬರಹ’ವನ್ನೇ. ಇಂಥ ತಂತ್ರಾಂಶ ಹಾಕಲು ಹೊರಟಾಗ ಕೆಲವೊಮ್ಮೆ ಪರದೆಯ ಮೂಲೆಯಲ್ಲಿ ಎಚ್ಚರಿಕೆ ಮೂಡಿ, ಸೆಟಪ್ ಫೈಲೇ ಮಾಯವಾಗುವುದುಂಟು.

ಕಾರಣ ಸರಳ. ಇಂಗ್ಲಿಷಿನ ‘ಕೆ’ ಕೀಲಿ ಒತ್ತಿದರೆ ವರ್ಡ್‌ನಲ್ಲಿ ‘ಕ’ ಮೂಡಬೇಕಲ್ಲ? ಅದಕ್ಕಾಗಿ ಈ ತಂತ್ರಾಂಶ ಹಿನ್ನೆಲೆಯಲ್ಲಿ ಕೂತು, ನೀವು ಒತ್ತಿದ ಕೀಲಿಯನ್ನು ವರ್ಡ್‌ಗೆ ತಲುಪುವ ಮೊದಲೇ ತಡೆದು, ಬದಲಾಯಿಸಿ ಕಳಿಸುತ್ತದೆ. ಹೀಗೆ ನಡುವೆ ಕೈ ಹಾಕುವುದಕ್ಕೆ ವಿಂಡೋಸ್‌ನಲ್ಲಿ ‘ಹುಕ್’ ಎನ್ನುತ್ತಾರೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಬಳಸುವುದೂ ಹೆಚ್ಚಾಗಿ ಇದೇ ದಾರಿ. ಅದು ಒತ್ತಿದ್ದನ್ನೆಲ್ಲ ಬರೆದಿಟ್ಟು ಇನ್ನೊಬ್ಬರಿಗೆ ರವಾನಿಸುತ್ತದೆ, ನುಡಿ, ಬರಹಗಳು ಹಾಗೆ ಮಾಡುವುದಿಲ್ಲ, ಅಷ್ಟೇ ವ್ಯತ್ಯಾಸ. ನಡವಳಿಕೆ ನೋಡಿ ತೀರ್ಪು ಕೊಡುವ ಆಂಟಿವೈರಸ್ ಎಡವುವುದು ಇಲ್ಲೇ. ಜೊತೆಗೆ, ಕಡಿಮೆ ಕಂಪ್ಯೂಟರುಗಳಲ್ಲಿ ಕಂಡ, ಡಿಜಿಟಲ್ ಸಹಿಯಿಲ್ಲದ ಫೈಲಿನ ಮೇಲೆ ಅದಕ್ಕೆ ಅನುಮಾನ ಜಾಸ್ತಿ. ಸಣ್ಣ ಮಾರುಕಟ್ಟೆಯ ಭಾಷೆಗಳು ತೆರುವ ದಂಡ ಅನ್ನಿ.

ದೊಡ್ಡ ಆಂಟಿವೈರಸ್ ಕಂಪನಿಗಳೂ ಇಂಥ ತಪ್ಪಿನಿಂದ ಪಾರಾಗಿಲ್ಲ. 2010ರ ಏಪ್ರಿಲ್ 21ರಂದು ಮೆಕಾಫಿಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಮುಖ್ಯ ಫೈಲನ್ನೇ ವೈರಸ್ ಎಂದು ಹಿಡಿದು ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಕೆಡವಿತ್ತು. 2012ರಲ್ಲಿ ಸೋಫೋಸ್ ತನ್ನದೇ ಅಪ್‌ಡೇಟ್ ಫೈಲುಗಳನ್ನು ಹಿಡಿದು ಹಾಕಿತು!

ಕಂಪನಿಗಳು ತಪ್ಪು ತಿದ್ದಿ ಹೊಸ ಅಪ್‌ಡೇಟ್ ಕಳಿಸುತ್ತವೆ. ಆದರೆ ಜುಲೈ ಮಳೆಗೆ ಕರೆಂಟೂ ನೆಟ್‌ವರ್ಕೂ ಕೈಕೊಟ್ಟ ಭಾಗಮಂಡಲದಂಥ ಕಡೆ ಅದು ತಲುಪುವವರೆಗೆ ಹಳೆಯ ತಪ್ಪೇ ಮುಂದುವರಿಯುತ್ತದೆ. ಆಗ ಬೇಸತ್ತು ಆಂಟಿವೈರಸ್ಸನ್ನೇ ಆಫ್ ಮಾಡುವವರಿದ್ದಾರೆ. ಅದು ಬೇಡ. ಪೆನ್‌ಡ್ರೈವಿನಲ್ಲಿ ಅಂಗಡಿಯಿಂದ ಅಂಗಡಿಗೆ ಓಡಾಡಿದ ಸೆಟಪ್ ಫೈಲಿನಲ್ಲಿ ನಿಜವಾಗಿಯೂ ವೈರಸ್ ಸೇರಿರಬಹುದು.

ಹಿಡಿದ ಫೈಲ್ ಸಾಮಾನ್ಯವಾಗಿ ಅಳಿಸಿಹೋಗಿರುವುದಿಲ್ಲ, ‘ಕ್ವಾರಂಟೈನ್’ನಲ್ಲಿ ಕೂತಿರುತ್ತದೆ. ಮೊದಲು ತಯಾರಕರ ಅಧಿಕೃತ ತಾಣದಿಂದಲೇ ಹೊಸ ಪ್ರತಿ ಇಳಿಸಿಕೊಳ್ಳಿ. ಅದನ್ನು ಹತ್ತಾರು ಆಂಟಿವೈರಸ್‌ಗಳಿಂದ ಒಟ್ಟಿಗೆ ಪರೀಕ್ಷಿಸುವ ‘ವೈರಸ್‌ಟೋಟಲ್’ಗೆ ಹಾಕಿ. ಒಂದೆರಡು ಮಾತ್ರ ಬೊಟ್ಟು ಮಾಡಿದರೆ ತಪ್ಪು ಎಚ್ಚರಿಕೆ ಇರಬಹುದು, ಹೆಸರಾಂತವು ಹಲವು ಒಂದೇ ಮಾತು ಹೇಳಿದರೆ ಆ ಫೈಲನ್ನು ಮರೆತುಬಿಡಿ. ಸರಿಯೆಂದು ಖಾತ್ರಿಯಾದರೆ ಅದೊಂದು ಫೈಲಿಗಷ್ಟೇ ವಿನಾಯಿತಿ ಕೊಡಿ, ಇಡೀ ‘ಸಿ’ ಡ್ರೈವಿಗಲ್ಲ. ಆಂಟಿವೈರಸ್ ಕಂಪನಿಗೂ ಫೈಲ್ ಕಳಿಸಿ ತಿಳಿಸಿ.

ಗಿರಾಕಿಗಳ ಪಹಣಿ, ಆಧಾರ್ ಪ್ರತಿಗಳನ್ನು ಮಾತ್ರ ವೈರಸ್‌ಟೋಟಲ್‌ಗೆ ಹಾಕಬೇಡಿ. ಅಲ್ಲಿಗೆ ಹೋದ ಫೈಲು ಬೇರೆ ಕಂಪನಿಗಳ ಕೈಗೂ ಸಿಗುತ್ತದೆ.