ಗಾಜಿನ ಗೀರು: ಒರೆಸುವ ಮೊದಲು ತೊಳೆಯೋಣ

ಒಂದು ಕಾಲದಲ್ಲಿ ಕಾರು ಊರಿನ ದೊಡ್ಡವರ ಮನೆಯ ಮುಂದೆ ಮಾತ್ರ ನಿಲ್ಲುತ್ತಿತ್ತು. ಇಂದು ಸಾಲ ಮಾಡಿಯೋ, ಹಳೆಯ ಗಾಡಿಯನ್ನು ಕೊಂಡೋ ಅನೇಕ ಸಾಮಾನ್ಯ ಕುಟುಂಬಗಳು ಕಾರು ಇಟ್ಟುಕೊಂಡಿವೆ. ಮದುವೆಗೆ, ಆಸ್ಪತ್ರೆಗೆ, ಮಕ್ಕಳ ಹಾಸ್ಟೆಲಿಗೆ ಅದೇ ಆಧಾರ. ಅದರ ಎಣ್ಣೆ, ಟೈರು, ಬ್ರೇಕುಗಳ ಬಗ್ಗೆ ನಾವು ಕಾಳಜಿ ವಹಿಸುತ್ತೇವೆ. ಬಣ್ಣಕ್ಕೆ ಸಣ್ಣ ಗೀರು ಬಿದ್ದರೂ ಮನಸ್ಸು ನೋಯುತ್ತದೆ. ಆದರೆ ಕಿಟಕಿಯ ಗಾಜಿನ ಮೇಲೆ ಬಿದ್ದ ಕೂದಲೆಳೆಯಂಥ ಗೀರುಗಳನ್ನು ನಾವು ಗಮನಿಸುವುದೇ ಅಪರೂಪ. ಹಗಲಿನಲ್ಲಿ ಅವು ಕಾಣಿಸುವುದಿಲ್ಲ. ಕತ್ತಲಾಗಿ, ಎದುರಿನಿಂದ ಕಲ್ಲು ತುಂಬಿದ ಲಾರಿ ಬಂದಾಗ ಅದರ ಬೆಳಕು ಗಾಜಿನ ತುಂಬ ಜೇಡರ ಬಲೆಯಂತೆ ಹರಡಿಕೊಳ್ಳುತ್ತದೆ. ಆ ಎರಡು ಮೂರು ಕ್ಷಣ ರಸ್ತೆಯ ಅಂಚಿನಲ್ಲಿ ನಡೆದು ಹೋಗುವವರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಣ್ಣದ ಗೀರಿನಿಂದ ಹೋಗುವುದು ಅಂದ. ಗಾಜಿನ ಗೀರಿನಿಂದ ಪ್ರಾಣವೇ ಹೋಗಬಹುದು.

ತಾಂಡೂರಿನ ಧೂಳು

ತಾಂಡೂರು, ಜಹೀರಾಬಾದ್, ನಾರಾಯಣಖೇಡ ಕಡೆಯ ಕನ್ನಡ ಕುಟುಂಬಗಳಿಗೆ ಈ ವಿಷಯ ಇನ್ನೂ ಹತ್ತಿರದ್ದು. 2016ರಿಂದ ವಿಕಾರಾಬಾದ್ ಜಿಲ್ಲೆಗೆ ಸೇರಿರುವ ತಾಂಡೂರು ತೊಗರಿಗೆ ಹೆಸರಾದಂತೆ ಕಲ್ಲಿಗೂ ಹೆಸರಾದದ್ದು. ನಮ್ಮ ಕಡೆ ಶಹಾಬಾದಿ ಫರಸಿ ಎಂದು ಕರೆಯುವ ಹಾಸುಗಲ್ಲಿನ ಬಂಧುವೇ ತಾಂಡೂರು ಕಲ್ಲು. ಎರಡೂ ಸುಣ್ಣದ ಕಲ್ಲುಗಳೇ. ಊರಿನ ಸುತ್ತ ಕಲ್ಲಿನ ಗಣಿಗಳು, ಪಾಲಿಶ್ ಘಟಕಗಳು ಇವೆ. ಕರನಕೋಟೆಯ ಕಡೆ ಸಿಮೆಂಟು ತಯಾರಾಗುತ್ತದೆ. ಗಡಿ ದಾಟಿದರೆ ಸೇಡಂ, ಮಳಖೇಡ, ವಾಡಿಗಳಲ್ಲೂ ಸಿಮೆಂಟಿನದೇ ಮಾತು. ಕಲ್ಲು ಕೊಯ್ದ ನೀರಿನ ಕೆಸರು ಒಣಗಿ ಹಿಟ್ಟಾಗುತ್ತದೆ, ಲಾರಿ ಓಡಿದಾಗ ಏಳುತ್ತದೆ, ಕಾರಿನ ಮೇಲೆ ಕೂರುತ್ತದೆ.

ಹಾಗಾದರೆ ಗಾಜನ್ನು ಗೀರುವುದು ಈ ಕಲ್ಲಿನ ಹಿಟ್ಟೇ? ಉತ್ತರ ಸ್ವಲ್ಪ ಆಶ್ಚರ್ಯಕರವಾಗಿದೆ. 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ವಿಜ್ಞಾನಿ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗಿನ ಅಳತೆಯೊಂದನ್ನು ರೂಪಿಸಿದರು. ಹೆಚ್ಚು ಅಂಕದ ವಸ್ತು ಕಡಿಮೆ ಅಂಕದ ವಸ್ತುವನ್ನು ಗೀರುತ್ತದೆ. ವಜ್ರಕ್ಕೆ 10. ನಮ್ಮ ಉಗುರಿಗೆ ಸುಮಾರು ಎರಡೂವರೆ. ಸುಣ್ಣದ ಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿಗೆ 3. ಗಾಜಿಗೆ ಸುಮಾರು ಐದೂವರೆ. ಮರಳಿನ ಕಣದಲ್ಲಿರುವ ಕ್ವಾರ್ಟ್ಸಿಗೆ 7. ಅಂದರೆ ಶುದ್ಧ ಸುಣ್ಣದ ಹಿಟ್ಟು ಗಾಜಿಗಿಂತ ಮೃದು. ಅದರ ಜೊತೆಗೆ ಬೆರೆತ ರಸ್ತೆಯ ಮರಳಿನ ಕಣವೇ ನಿಜವಾದ ಅಪರಾಧಿ. ಆದರೆ ಧೂಳಿನಲ್ಲಿ ಹಿಟ್ಟು ಯಾವುದು, ಮರಳು ಯಾವುದು ಎಂದು ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಒಣ ಬಟ್ಟೆಯಿಂದ ಒಂದು ಬಾರಿ ಎಳೆದರೆ ಸಾಕು, ಬಟ್ಟೆಯೇ ಉಪ್ಪುಕಾಗದವಾಗಿ ಬಿಡುತ್ತದೆ.

ಗೀರು ಹೇಗೆ ಬೀಳುತ್ತದೆ?

ಗೀರಿನ ಆಕಾರ ನೋಡಿದರೆ ಅದರ ಮೂಲ ತಿಳಿಯುತ್ತದೆ. ಮುಂದಿನ ಗಾಜಿನಲ್ಲಿ ಕಮಾನಿನಂತೆ ಬಾಗಿದ ಗೀರುಗಳಿದ್ದರೆ ಅದು ವೈಪರಿನ ಕೆಲಸ. ಧೂಳು ಕೂತ ಗಾಜಿನ ಮೇಲೆ ನೀರಿಲ್ಲದೆ ವೈಪರ್ ಓಡಿಸಿದ್ದೇವೆ, ಅಥವಾ ಅದರ ರಬ್ಬರು ಸವೆದಿದೆ. ಪಕ್ಕದ ಕಿಟಕಿಯಲ್ಲಿ ಮೇಲಿಂದ ಕೆಳಕ್ಕೆ ನೇರ ಗೀರುಗಳಿದ್ದರೆ, ಗಾಜು ಇಳಿದು ಏರುವ ಜಾಗದ ರಬ್ಬರು ಹಾಗೂ ಫೆಲ್ಟ್ ಪಟ್ಟಿಯಲ್ಲಿ ಮರಳು ಸಿಕ್ಕಿಕೊಂಡಿದೆ ಎಂದರ್ಥ. ಉಂಗುರ ಉಂಗುರವಾಗಿ ಕಂಡರೆ ಅದು ಒಣ ಬಟ್ಟೆ ಹಿಡಿದ ನಮ್ಮ ಕೈಯ ಗುರುತು.

ಕೆಲವೊಮ್ಮೆ ಗೀರು ಎಂದುಕೊಂಡದ್ದು ಗೀರೇ ಆಗಿರುವುದಿಲ್ಲ. ಸುಣ್ಣದ ನೆಲದ ಬೋರ್‌ವೆಲ್ ನೀರು ಗಡಸು. ತೊಳೆದು ಬಿಸಿಲಿಗೆ ಬಿಟ್ಟರೆ ಬಿಳಿ ಕಲೆ ಉಳಿಯುತ್ತದೆ. ಅಷ್ಟೇ ಪ್ರಮಾಣದ ನೀರು ಬೆರೆಸಿದ ವಿನೆಗರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ, ತೊಳೆದ ಗಾಜಿನ ಮೇಲೆ ಕೆಲವು ನಿಮಿಷ ಹಾಕಿಡಿ. ಕಲೆಯಾದರೆ ಕರಗುತ್ತದೆ, ಗೀರಾದರೆ ಉಳಿಯುತ್ತದೆ. ಆಮೇಲೆ ಸಾಕಷ್ಟು ನೀರಿನಿಂದ ತೊಳೆಯಬೇಕು. ಸಿಮೆಂಟಿನ ಧೂಳು ಕೂತಿದ್ದರೆ ಇಬ್ಬನಿ ಬಿದ್ದು ಗಟ್ಟಿಯಾಗುವ ಮೊದಲೇ ಧಾರಾಳ ನೀರು ಹಾಕಿ ತೆಗೆಯುವುದು ಜಾಣತನ.

ಇನ್ನೊಂದು ಎಚ್ಚರಿಕೆ. ಗಾಜಿನ ಒಳಭಾಗದಲ್ಲಿ ಫಿಲ್ಮ್ ಅಂಟಿಸಿದ್ದರೆ ಒಳಗೆ ಕಾಣುವ ಗೀರು ಗಾಜಿನದಲ್ಲ, ಆ ಪ್ಲಾಸ್ಟಿಕ್ ಹಾಳೆಯದು. ಅದನ್ನು ಉಜ್ಜಿದರೆ ಇನ್ನಷ್ಟು ಕೆಡುತ್ತದೆ. ಗೀರು ಮುಚ್ಚಲೆಂದು ಕಪ್ಪು ಫಿಲ್ಮ್ ಹಾಕಿಸುವವರೂ ಇದ್ದಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇಕಡ 70ರಷ್ಟು, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇಕಡ 50ರಷ್ಟು ಬೆಳಕು ದಾಟಬೇಕು. ಗೀರಿನ ಜೊತೆಗೆ ಕತ್ತಲನ್ನೂ ಸೇರಿಸಿಕೊಳ್ಳುವುದು ಬುದ್ಧಿವಂತಿಕೆಯಲ್ಲ.

ಗೀರು ಹೋಗುತ್ತದೆಯೇ?

ಮೊದಲು ಉಗುರಿನಿಂದ ಪರೀಕ್ಷಿಸೋಣ. ಗೀರಿನ ಅಡ್ಡಕ್ಕೆ ಉಗುರನ್ನು ಮೆಲ್ಲಗೆ ಎಳೆದಾಗ ಅದು ಸಿಕ್ಕಿಕೊಂಡರೆ ಗೀರು ಆಳವಾಗಿದೆ. ಅದನ್ನು ಮನೆಯಲ್ಲಿ ತೆಗೆಯುವ ಪ್ರಯತ್ನ ಬೇಡ. ಉಗುರು ಜಾರಿ ಹೋದರೆ ಗೀರು ಮೇಲ್ಪದರದ್ದು. ಅದನ್ನು ಬಹುಮಟ್ಟಿಗೆ ಹೋಗಲಾಡಿಸಬಹುದು.

ಹಲ್ಲಿನ ಪೇಸ್ಟ್ ಹಚ್ಚಿ ಉಜ್ಜಿ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಗಾಜನ್ನು ಸವೆಸುವ ಶಕ್ತಿ ಅದಕ್ಕೆ ಅಷ್ಟಾಗಿ ಇಲ್ಲ. ಜಿಡ್ಡು ಹೋಗಿ ಗಾಜು ಹೊಳೆಯುತ್ತದೆ, ಗೀರು ಅಲ್ಲೇ ಇರುತ್ತದೆ. ಗಾಜಿಗೆ ತಕ್ಕದ್ದು ಸೀರಿಯಂ ಆಕ್ಸೈಡ್ ಎಂಬ ನುಣುಪಾದ ಪುಡಿ. ಕನ್ನಡಕದ ಗಾಜಿಗೆ ಹೊಳಪು ಕೊಡಲು ಬಳಸುವುದೂ ಇದನ್ನೇ. ಮಾಡುವ ಕ್ರಮ ಹೀಗಿದೆ:

1. ಗಾಜನ್ನು ಚೆನ್ನಾಗಿ ತೊಳೆಯಿರಿ. ಒಂದು ಮರಳಿನ ಕಣ ಉಳಿದರೂ ಹೊಸ ಗೀರು ಬೀಳುತ್ತದೆ. ಗೀರು ಇರುವ ಜಾಗವನ್ನು ಒಳಗಿನಿಂದ ಟೇಪ್ ಅಂಟಿಸಿ ಗುರುತಿಸಿಕೊಳ್ಳಿ. ಸುತ್ತಲಿನ ರಬ್ಬರು, ಬಣ್ಣಗಳನ್ನು ಟೇಪಿನಿಂದ ಮುಚ್ಚಿ.

2. ಪುಡಿಯನ್ನು ನೀರಿನಲ್ಲಿ ಕಲಸಿ ಗಟ್ಟಿ ಮಜ್ಜಿಗೆಯ ಹದಕ್ಕೆ ತನ್ನಿ. ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ.

3. ಫೆಲ್ಟ್ ಪ್ಯಾಡಿನಿಂದ, ಕೈಯಲ್ಲೋ ನಿಧಾನ ವೇಗದ ಯಂತ್ರದಲ್ಲೋ ಉಜ್ಜಿ. ಗೀರಿನ ಮೇಲೆ ಮಾತ್ರವಲ್ಲ, ಸುತ್ತಲೂ ಅಗಲವಾಗಿ ಉಜ್ಜಬೇಕು. ಇಲ್ಲವಾದರೆ ಅಲ್ಲೊಂದು ಗುಳಿಯಾಗುತ್ತದೆ.

4. ಪ್ಯಾಡ್ ಒಣಗಲು ಬಿಡಬೇಡಿ. ಆಗಾಗ ನೀರು ಚಿಮುಕಿಸಿ, ಗಾಜನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ನಿಲ್ಲಿಸಿ. ಬಿಸಿಗೆ ಗಾಜು ಬಿರುಕು ಬಿಡಬಹುದು. ಈ ಕೆಲಸವನ್ನು ನೆರಳಿನಲ್ಲೇ ಮಾಡಬೇಕು.

ಇದಕ್ಕೆ ತಾಳ್ಮೆ ಬೇಕು. ಒಂದೆರಡು ನವಿರು ಗೀರಿಗೇ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯಬಹುದು. ನಮ್ಮ ಊರಿನಲ್ಲಿ ನೆಲಕ್ಕೆ ಪಾಲಿಶ್ ಮಾಡುವವರು ಹತ್ತಿರದಲ್ಲೇ ಸಿಗುತ್ತಾರೆ. ಆದರೆ ಅವರು ಬಳಸುವ ಉಜ್ಜುಗಲ್ಲು ಗಾಜಿಗಿಂತ ಬಹಳ ಗಡಸು. ಫರಸಿಗೆ ಒಪ್ಪುವುದು ಗಾಜಿಗೆ ಒಪ್ಪುವುದಿಲ್ಲ.

ಎಲ್ಲಿ ಕೈ ಹಾಕಬಾರದು?

ಕಾರಿನ ಗಾಜುಗಳೆಲ್ಲ ಒಂದೇ ಬಗೆಯವಲ್ಲ. ಮುಂದಿನ ಗಾಜು ಎರಡು ಪದರಗಳದ್ದು, ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆದಿಕ್ಟುಸ್ ಅವರ ಕೈಯಿಂದ ಬಿದ್ದ ಗಾಜಿನ ಪಾತ್ರೆ ಒಡೆದರೂ ಚೂರಾಗಿ ಚದುರಲಿಲ್ಲವಂತೆ. ಒಳಗೆ ಒಣಗಿದ್ದ ರಾಸಾಯನಿಕದ ಪೊರೆ ಚೂರುಗಳನ್ನು ಹಿಡಿದಿಟ್ಟಿತ್ತು. ಈ ಪದರ ಗಾಜಿನ ಹುಟ್ಟಿಗೆ ಅದೇ ಕಾರಣವೆಂದು ಹೇಳುತ್ತಾರೆ. ಪಕ್ಕದ ಗಾಜುಗಳು ಸಾಮಾನ್ಯವಾಗಿ ಒಂದೇ ಪದರದವು. ಅವನ್ನು ಬಿಸಿ ಮಾಡಿ ಒಮ್ಮೆಲೇ ತಣಿಸಿ ಗಟ್ಟಿಗೊಳಿಸಿರುತ್ತಾರೆ. ಅವುಗಳ ಬಲ ಇರುವುದು ಮೇಲ್ಪದರದ ಬಿಗಿತದಲ್ಲಿ. ಆಳವಾದ ಗೀರನ್ನು ತೆಗೆಯಲೆಂದು ಅದನ್ನು ಸವೆಸುತ್ತ ಹೋದರೆ ಗಾಜು ದುರ್ಬಲವಾಗುತ್ತದೆ.

ಮುಂದಿನ ಗಾಜಿನಲ್ಲಿ ಚಾಲಕನ ಕಣ್ಣಿನ ನೇರಕ್ಕಿರುವ ಭಾಗವನ್ನು ಮನೆಯಲ್ಲಿ ಉಜ್ಜಲೇಬಾರದು. ಅಲ್ಲಿ ತುಸು ಗುಳಿಯಾದರೂ ಎದುರಿನ ದೃಶ್ಯ ಅಂಕುಡೊಂಕಾಗಿ ಕಾಣುತ್ತದೆ, ದೂರದ ಅಂದಾಜು ತಪ್ಪುತ್ತದೆ. ಅಲ್ಲಿ ಗೀರುಗಳು ಹೆಚ್ಚಾಗಿದ್ದರೆ ಗಾಜನ್ನೇ ಬದಲಿಸುವುದು ಸರಿ. ಖರ್ಚು ಆಗುತ್ತದೆ ನಿಜ. ಸವೆತದಿಂದಾದ ಗೀರಿಗೆ ವಿಮೆಯ ಹಣವೂ ಸಿಗುವುದಿಲ್ಲ. ಆದರೂ ಹಬ್ಬದ ಸಮಯದಲ್ಲಿ ಹೊಸ ಸೀಟ್ ಕವರು, ಹೊಸ ಸ್ಪೀಕರು ಕೊಳ್ಳಲು ಸಿದ್ಧರಾಗುವ ನಾವು, ಕಣ್ಣಿಗೆ ದಾರಿ ತೋರಿಸುವ ಗಾಜಿಗೆ ಏಕೆ ಹಿಂಜರಿಯಬೇಕು?

ಬೆಳಗಿನ ಬಿಸಿಲು, ಸಂಜೆಯ ಬಿಸಿಲು

ತಾಂಡೂರಿನವರಿಗೆ ಇನ್ನೊಂದು ಕಷ್ಟವಿದೆ. ಹೈದರಾಬಾದ್ ನಮಗೆ ಪೂರ್ವಕ್ಕಿದೆ. ಬೆಳಿಗ್ಗೆ ಹೊರಟರೆ ಏಳುವ ಸೂರ್ಯ ಎದುರಿಗೆ, ಕೆಲಸ ಮುಗಿಸಿ ಸಂಜೆ ಮರಳಿದರೆ ಮುಳುಗುವ ಸೂರ್ಯ ಎದುರಿಗೆ. ಓರೆಯಾಗಿ ಬಿದ್ದ ಬಿಸಿಲು ಪ್ರತಿಯೊಂದು ಗೀರಿನ ಅಂಚಿನಲ್ಲೂ ಚದುರಿ ಗಾಜು ಮಂಜು ಕವಿದಂತಾಗುತ್ತದೆ. ವಯಸ್ಸಾದಂತೆ ಇಂಥ ಪ್ರಖರ ಬೆಳಕನ್ನು ತಡೆದುಕೊಳ್ಳುವುದು ಕಣ್ಣಿಗೂ ಕಷ್ಟ. ಅಪ್ಪನೋ ಅಜ್ಜನೋ ಇನ್ನೂ ಕಾರು ಓಡಿಸುತ್ತಿದ್ದರೆ, ಆ ಕಾರಿನ ಗಾಜನ್ನು ಒಮ್ಮೆ ಎದುರು ಬಿಸಿಲಿಗೆ ಹಿಡಿದು ನೋಡುವುದು ಮಕ್ಕಳ ಕರ್ತವ್ಯ.

ನೀರು ಮೊದಲು, ಬಟ್ಟೆ ಆಮೇಲೆ

ಗೀರು ತೆಗೆಯುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದು ಎಷ್ಟೋ ಸುಲಭ. ಮೊದಲು ಮೇಲಿನಿಂದ ನೀರು ಸುರಿದು ಧೂಳನ್ನು ಹರಿಸಿ ಬಿಡಬೇಕು, ಆಮೇಲೆ ಬಟ್ಟೆ. ಎರಡು ಬಕೆಟ್ ಇರಲಿ, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಗಾಜಿಗೆ ತಾಗಿಸಬೇಡಿ. ವೈಪರ್ ಹಾಕುವ ಮೊದಲು ಗಾಜಿಗೆ ನೀರು ಚಿಮ್ಮಿಸಿ. ವರ್ಷಕ್ಕೊಮ್ಮೆ, ಮಳೆಗಾಲದ ಮುನ್ನ, ಅದರ ರಬ್ಬರು ಬದಲಿಸಿ. ಕಿಟಕಿಯ ಫೆಲ್ಟ್ ಪಟ್ಟಿಯ ಸಂದನ್ನು ಹಳೆಯ ಬಣ್ಣದ ಬ್ರಷ್‌ನಿಂದ ಝಾಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಧೂಳು ಮೆತ್ತಿದ ಗಾಜನ್ನು ಇಳಿಸಿ ಏರಿಸುವ ಅಭ್ಯಾಸವನ್ನು ಮಕ್ಕಳಿಗೂ ಬಿಡಿಸಿ.

ನೀರನ್ನು ಮೊದಲು ಬಳಸುವುದರಿಂದ ಇನ್ನೂ ಒಂದು ಒಳಿತಿದೆ. ಗಾಜನ್ನು ಗೀರುವ ಅದೇ ಸಿಲಿಕಾ ಕಣದ ಅತಿ ಸೂಕ್ಷ್ಮ ಧೂಳು ಉಸಿರಿನಲ್ಲಿ ಸೇರಿದರೆ ಶ್ವಾಸಕೋಶವನ್ನೂ ಬಿಡುವುದಿಲ್ಲ. ವರ್ಷಾನುಗಟ್ಟಲೆ ಅದನ್ನು ಉಸಿರಾಡುವ ಕಲ್ಲಿನ ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ರೋಗ ಬರಬಹುದು. ಅದನ್ನು ಪೂರ್ತಿ ಗುಣಪಡಿಸುವ ಮದ್ದಿಲ್ಲ. ಕಲ್ಲು ಕೊಯ್ಯುವಾಗ ನೀರು ಹರಿಸಿ ಧೂಳನ್ನು ಅಡಗಿಸುವುದು ಅವರನ್ನು ಕಾಪಾಡುವ ದಾರಿಗಳಲ್ಲಿ ಒಂದು. ಕಾರನ್ನು ಒರೆಸುವ ಹುಡುಗನಿಗೆ ಒಣ ಬಟ್ಟೆಯ ಬದಲು ಒಂದು ಬಕೆಟ್ ನೀರು ಕೊಟ್ಟರೆ ನಮ್ಮ ಗಾಜೂ ಉಳಿಯುತ್ತದೆ, ಅವನ ಉಸಿರೂ ಹಗುರವಾಗುತ್ತದೆ.

ಇಂದು ಸಂಜೆ ಬಿಡುವು ಮಾಡಿಕೊಂಡು ಕಾರಿನೊಳಗೆ ಕುಳಿತು, ಮನೆಯವರೊಬ್ಬರಿಗೆ ಎದುರಿನಿಂದ ಟಾರ್ಚ್ ಹಿಡಿಯಲು ಹೇಳಿ. ಗೀರುಗಳೆಲ್ಲ ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಯಾವುದನ್ನು ಉಜ್ಜಬೇಕು, ಯಾವ ಗಾಜನ್ನು ಬದಲಿಸಬೇಕು ಎಂಬುದನ್ನು ಮುಂದಿನ ದೂರ ಪ್ರಯಾಣಕ್ಕೆ ಮೊದಲೇ ನಿರ್ಧರಿಸೋಣ.